ಮಂಗಳನ ತೆಳುಗಾಳಿಯಲ್ಲಿ ಬಿರುಗಾಳಿಯೂ ದನಿಯೂ ಹೇಗಿದ್ದಾವು?

ಪ್ರಶ್ನೆ

ಮಂಗಳನ ನೆಲಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 6 ಮಿಲಿಬಾರ್, ಅಂದರೆ ಭೂಮಿಯ ಒತ್ತಡದ ಶೇಕಡಾ 1ಕ್ಕಿಂತಲೂ ಕಡಿಮೆ. ಆದರೂ ಅಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿ ಬೀಸಬಲ್ಲದು ಎನ್ನುತ್ತಾರೆ. ಅದಕ್ಕೆ ಎದುರಾಗಿ ನಿಂತವರು ಉರುಳಿಬೀಳುತ್ತಾರೆಯೇ? ಅಲ್ಲಿ ಶಬ್ದ ಕೇಳಿಸುವುದಾದರೂ ಹೇಗೆ?

ಉತ್ತರ 1

ಉರುಳಿಬೀಳುವುದಿಲ್ಲ. ಗಾಳಿಯ ತಳ್ಳುವಿಕೆ ಅದರ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿರುತ್ತದೆ. ಮಂಗಳನ ಗಾಳಿಯ ಸಾಂದ್ರತೆ ನಮ್ಮಲ್ಲಿಯದರ ಸುಮಾರು ಅರುವತ್ತನೆಯ ಒಂದು ಭಾಗದಷ್ಟೇ ಇರುವುದರಿಂದ, ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿಯೂ ಇಲ್ಲಿನ 13 ಕಿಲೋಮೀಟರ್ ವೇಗದ ತಂಗಾಳಿಯಷ್ಟೇ ಮೈಯನ್ನು ತಳ್ಳೀತು. ಅಲ್ಲಿ ನಿಜಕ್ಕೂ ಅಂಜಬೇಕಾದದ್ದು ಧೂಳಿಗೆ. ಅತಿ ಸೂಕ್ಷ್ಮವಾದ ಅದರ ಕಣಗಳು ಒಮ್ಮೆ ಮೇಲೆದ್ದರೆ ವಾರಗಟ್ಟಲೆ ತೇಲಾಡುತ್ತವೆ. 2018ರಲ್ಲಿ ಇಡೀ ಗ್ರಹವನ್ನು ಮುಸುಕಿದ ಧೂಳಿನಿಂದಾಗಿ ಸೌರಫಲಕಗಳಿಗೆ ಬಿಸಿಲು ದೊರೆಯದೆ ಆಪರ್ಚುನಿಟಿ ರೋವರ್ (ಮಂಗಳನ ನೆಲದ ಮೇಲೆ ಸಂಚರಿಸುತ್ತಿದ್ದ ಶೋಧಕ ವಾಹನ) ಶಾಶ್ವತವಾಗಿ ಮೌನವಾಯಿತು.

ಉತ್ತರ 2

ಶಬ್ದದ ಬಗ್ಗೆ ಈಗ ಊಹೆಯ ಅಗತ್ಯವಿಲ್ಲ. 2021ರ ಫೆಬ್ರುವರಿಯಲ್ಲಿ ಜೆಜೆರೋ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್ ತನ್ನ ಮೈಕ್ರೋಫೋನ್‌ಗಳಿಂದ ಅಲ್ಲಿನ ಗಾಳಿಯ ಸುಯ್ಲನ್ನೂ ತನ್ನದೇ ಚಕ್ರಗಳ ಸದ್ದನ್ನೂ ದಾಖಲಿಸಿದೆ. ಭೂಮಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಅಲ್ಲಿ ಸುಮಾರು 240 ಮೀಟರ್ ಮಾತ್ರ ಸಾಗುತ್ತದೆ. ನನ್ನನ್ನು ಬಹಳ ಬೆರಗುಗೊಳಿಸಿದ ಸಂಗತಿಯೆಂದರೆ, ತಗ್ಗಿನ ಸ್ವರಗಳಿಗಿಂತ ತಾರಸ್ವರಗಳು ಸೆಕೆಂಡಿಗೆ ಸುಮಾರು 10 ಮೀಟರ್ ಹೆಚ್ಚು ವೇಗದಲ್ಲಿ ಚಲಿಸುತ್ತವೆ. ದೂರದಲ್ಲಿ ನುಡಿಸಿದ ವಾದ್ಯಮೇಳ ಕೇಳಿಸುವಂತಿದ್ದರೆ, ಒಟ್ಟಿಗೆ ಹೊರಟ ಸ್ವರಗಳು ಒಂದೊಂದಾಗಿ ಕಿವಿಗೆ ತಲುಪುತ್ತಿದ್ದವು. ಆದರೆ ಅಲ್ಲಿನ ಗಾಳಿಯ ಶೇಕಡಾ 95ರಷ್ಟಿರುವ ಇಂಗಾಲದ ಡೈಆಕ್ಸೈಡ್ ತಾರಸ್ವರಗಳನ್ನು ಬೇಗನೆ ಹೀರಿಬಿಡುವುದರಿಂದ ಅವು ಬಹುದೂರ ಬರಲಾರವು. ಪಕ್ಕದಲ್ಲಿ ಆಡಿದ ಮಾತೂ ಕ್ಷೀಣವಾಗಿ, ಮಂಕಾಗಿ ಕೇಳಿಸೀತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗಾಳಿಗೆ ತಳ್ಳುವ ಬಲವೇ ಇಷ್ಟು ಕಡಿಮೆಯಿದ್ದರೆ, ಪರ್ಸಿವಿಯರೆನ್ಸ್ ಜೊತೆ ಮಂಗಳನಿಗೆ ಹೋದ ಪುಟ್ಟ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಅದನ್ನೇ ಆಧರಿಸಿ ಮೇಲೇರಿದ್ದು ಹೇಗೆ?

ಉತ್ತರ 1

ಅದರ ತೂಕವನ್ನು ಇಳಿಸಿ, ರೆಕ್ಕೆಗಳ ವೇಗವನ್ನು ಬಹಳವಾಗಿ ಏರಿಸಿದ್ದರಿಂದ. ಕೇವಲ 1.8 ಕಿಲೋಗ್ರಾಂ ದ್ರವ್ಯರಾಶಿಯ ಆ ಯಂತ್ರಕ್ಕೆ ತುದಿಯಿಂದ ತುದಿಗೆ 1.2 ಮೀಟರ್ ಉದ್ದದ, ಒಂದರ ಮೇಲೊಂದು ವಿರುದ್ಧ ದಿಕ್ಕುಗಳಲ್ಲಿ ತಿರುಗುವ ಎರಡು ಜೋಡಿ ರೆಕ್ಕೆಗಳಿದ್ದವು. ಸಾಮಾನ್ಯ ಹೆಲಿಕಾಪ್ಟರಿನ ರೆಕ್ಕೆಗಳು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗಿದರೆ ಸಾಕಾಗುತ್ತದೆ. ಇವು ಸುಮಾರು 2,400 ಸುತ್ತು ತಿರುಗಬೇಕಾಗಿತ್ತು. ಮಂಗಳನ ಗುರುತ್ವ ಭೂಮಿಯದರ ಶೇಕಡಾ 38ರಷ್ಟೇ ಇರುವುದು ನೆರವಾಯಿತಾದರೂ, ಗಾಳಿಯ ಕೊರತೆ ಅದಕ್ಕಿಂತ ಎಷ್ಟೋ ದೊಡ್ಡದು. 2021ರ ಏಪ್ರಿಲ್ 19ರಂದು ಅದು 3 ಮೀಟರ್ ಎತ್ತರಕ್ಕೆ ಏರಿ, ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಸುರಕ್ಷಿತವಾಗಿ ಇಳಿಯಿತು.