ಮೊದ್ಲು ಹುಳದ ತಲೆ ನೋಡಿ

ಸುಮಕ್ಕಾ, ಬೆಳಿಗ್ಗೆ ನೀವು ಗುಂಪಿಗೆ ಹಾಕಿದ ಫೋಟೋ ನೋಡ್ದೆ. ಮಗಳ ಗಾಜಿನ ಪೆಟ್ಟಿಗೇಲಿ ಡ್ರೋಸೆರಾ (ಎಲೆ ಮೇಲಿನ ಅಂಟಲ್ಲಿ ಹುಳ ಹಿಡಿಯೋ ಗಿಡ) ಬುಡದಲ್ಲಿ ಬಿಳಿ ಹುಳ, ಗಾಜಿನ ಒಳಗೆ ಸಣ್ಣ ಕಪ್ಪು ನೊಣ, ಮೂಲೇಲಿ ಒಂದು ವೀನಸ್ ಫ್ಲೈಟ್ರಾಪ್, ಅದೂ ಹುಳ ತಿನ್ನೋ ಗಿಡಾನೇ. ಸ್ವಲ್ಪ ಉದ್ದ ಆಗತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊಳ್ಳಿ. "ಹುಳ ತಿನ್ನೋ ಗಿಡ ತಾನೆ, ಅದೇ ತಿನ್ಕೊಳತ್ತೆ ಬಿಡಿ" ಅಂತ ಮಾವ ಬರ್ದಿದಾರೆ. ಮಾವಾ, ಎಲೆ ಮೇಲೆ ಬಂದು ಕೂತದ್ದನ್ನ ಅದು ಬಿಡಲ್ಲ, ಸರಿ. ಆದ್ರೆ ಬೇರಿನ ಹತ್ರ ಹರಿದಾಡೋ ಹುಳದ ಮುಂದೆ ಅದೂ ತುಳಸಿ ಗಿಡದ ಹಾಗೇ.

ಔಷಧಿ ಮಾತು ಆಮೇಲೆ. ಮೊಬೈಲ್ ಟಾರ್ಚ್ ಹಾಕಿ, ಭೂತಗನ್ನಡಿ ಇದ್ರೆ ಹಿಡ್ಕೊಂಡು, ಹುಳದ ತಲೆ ನೋಡಿ. ಮೈ ಪಾರದರ್ಶಕ, ತಲೆ ಮಾತ್ರ ಕಪ್ಪಗೆ ಮಿಂಚತ್ತೆ, ಉದ್ದ 5–6 ಮಿಲಿಮೀಟರ್ ಅಂದ್ರೆ ಅದು ಫಂಗಸ್ ನ್ಯಾಟ್ ಮರಿ, ಗಾಜಿಗೆ ಅಂಟಿರೋ ನೊಣದ್ದೇ ಸಂತಾನ. ತಲೆ ಅಂತಾನೇ ಕಾಣಲ್ಲ, ಹಾಲು ಬಿಳಿ ದಾರದ ಹಾಗೆ ನಿಧಾನ ಹರಿಯತ್ತೆ ಅಂದ್ರೆ ಎರೆಹುಳದ ಬಳಗದ ಪಾಟ್‌ವರ್ಮ್. ಅದು ಕೊಳೆತದ್ದನ್ನ ಮಾತ್ರ ತಿನ್ನತ್ತೆ, ಗಿಡದ ತಂಟೆಗೆ ಬರಲ್ಲ. ಮುಟ್ಟಿದ್ರೆ ಪಟಕ್ ಅಂತ ಹಾರೋ 1–2 ಮಿಲಿಮೀಟರಿನದು ಸ್ಪ್ರಿಂಗ್‌ಟೇಲ್, ಬೂಷ್ಟು ತಿನ್ನತ್ತೆ, ಅದನ್ನ ಓಡಿಸೋಕೆ ಹೋಗ್ಲೇಬೇಡಿ. ಕಣ್ಣಿಗೆ ಗೊತ್ತಾಗ್ಲಿಲ್ಲ ಅಂದ್ರೆ ಅರ್ಧ ಸೆಂಟಿಮೀಟರ್ ದಪ್ಪದ ಹಸಿ ಆಲೂಗಡ್ಡೆ ಬಿಲ್ಲೆ ಮಣ್ಣಿನ ಮೇಲೆ ಒತ್ತಿಡಿ. ಎರಡು ದಿನ ಬಿಟ್ಟು ಎತ್ತಿದ್ರೆ ಕಪ್ಪು ತಲೆಯವು ಅಡೀಲಿ ಸೇರಿರ್ತವೆ. ಬಿಲ್ಲೆ ಅಲ್ಲೇ ಮರೀಬೇಡಿ, ಬೂಷ್ಟು ಹಿಡಿದ್ರೆ ಅದೇ ಮುಂದಿನ ಪೀಳಿಗೆಗೆ ಊಟ.

ನೊಣ ಇರೋದ್ರಿಂದ ನಿಮ್ಮಲ್ಲಿ ಫಂಗಸ್ ನ್ಯಾಟ್ ಇರೋ ಸಾಧ್ಯತೇನೇ ಜಾಸ್ತಿ. ಬೆಳೆದ ನೊಣ ಕಚ್ಚಲ್ಲ, ಗಿಡಾನೂ ತಿನ್ನಲ್ಲ. ಮರಿಗಳು ಬೂಷ್ಟು, ಪಾಚಿ, ಕೊಳೆತ ಎಲೆ ತಿಂತವೆ, ಅದು ಸಾಲದೆ ಬಂದಾಗ ಎಳೇ ಬೇರಿಗೆ ಬಾಯಿ ಹಾಕ್ತವೆ. ಬಲಿತ ಡ್ರೋಸೆರಾ ತಡ್ಕೊಳತ್ತೆ. ಬೀಜದಿಂದ ಈಗಷ್ಟೇ ಎದ್ದ ಸಸಿ, ಎಲೆ ತುಂಡಿಂದ ಚಿಗುರ್ತಿರೋದು, ಇವು ತಡ್ಕೊಳಲ್ಲ.

ಗುಂಪಲ್ಲಿ ಬಂದ ಸಲಹೆಗಳು. ಮಣ್ಣು ಒಣಗಿಸಿ ಅಂದಿದ್ದು ಮನಿಪ್ಲಾಂಟಿಗೆ ಸರಿ, ಇಲ್ಲಿ ಹುಳಕ್ಕಿಂತ ಮುಂಚೆ ಗಿಡ ಹೋಗತ್ತೆ. ಬೇವಿನೆಣ್ಣೆ, ಸೋಪ್ ನೀರು ಎಲೆ ಮೇಲಿನ ಅಂಟು ಹನಿ ಕೆಡಿಸತ್ತೆ, ಅದು ಬೇಟೆ ಹಿಡಿಯೋದೇ ಆ ಹನೀಲಿ. ಬೇವಿನ ಹಿಂಡಿ ಇನ್ನೂ ಕೆಟ್ಟದ್ದು, ಯಾಕಂದ್ರೆ ಅದು ಗೊಬ್ಬರ. ಸಾರ ಇಲ್ಲದ ಜೌಗಿಗೆ ಒಗ್ಗಿದ ಬೇರು ಸಾರಜನಕಕ್ಕೆ ಸುಟ್ಟೋಗತ್ತೆ. ಒಲೆ ಬೂದಿ ಅಂದವ್ರಿಗೆ ಕೈ ಮುಗೀತೀನಿ: ಬೂದಿ ಕ್ಷಾರ, ಈ ಗಿಡಕ್ಕೆ ಬೇಕಾದ್ದು ಹುಳಿ ಮಣ್ಣು.

ಬೇಕಾಗಿರೋದು ಬಿ.ಟಿ.ಐ. ಪೂರ್ತಿ ಹೆಸರು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್, ಸೊಳ್ಳೆ ಮರಿ ಸಾಯ್ಸೋಕೆ ಬಳಸೋ ಬ್ಯಾಕ್ಟೀರಿಯಾ. ಕೊನೇ ಪದ ಲೇಬಲ್ ಮೇಲೆ ಇದೆಯಾ ಓದಿ ತಗೊಳ್ಳಿ. ಗೊಬ್ಬರದ ಅಂಗಡೀಲಿ ಬರೀ "ಬಿ.ಟಿ." ಅಂತ ಕೇಳಿದ್ರೆ ಕೊಡೋದು ಸಾಮಾನ್ಯವಾಗಿ ಅದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆ, ಕುರ್ಸ್ಟಾಕಿ, ಅದು ಎಲೆ ತಿನ್ನೋ ಕಂಬಳಿಹುಳದ ಜಾತಿಗೆ. ನೊಣದ ಮರಿಗೆ ಏನೂ ಆಗಲ್ಲ, ಆಮೇಲೆ ಔಷಧಿ ಕೆಲ್ಸ ಮಾಡ್ಲಿಲ್ಲ ಅಂತ ಗೊಣಗ್ತೀವಿ. ಪುಡಿ ಅಥವಾ ದ್ರವ ಆದ್ರೆ ಲೇಬಲ್ ಅಳತೆ. ಮೆಕ್ಕೆಜೋಳದ ನುಚ್ಚಿಗೆ ಹಚ್ಚಿದ ಕಾಳಾದ್ರೆ 1 ಲೀಟರ್ ನೀರಿಗೆ 1 ದೊಡ್ಡ ಚಮಚ, ಅರ್ಧ ಗಂಟೆ ನೆನೆಸಿ, ಬಟ್ಟೇಲಿ ಸೋಸಿ, ನೀರು ಮಾತ್ರ ಹಾಕಿ. ನುಚ್ಚು ಮಣ್ಣಿನ ಮೇಲೆ ಬಿದ್ರೆ ಬೂಷ್ಟು ಬರತ್ತೆ. ಮೇಲಿನ 3 ಸೆಂಟಿಮೀಟರ್ ಪೂರ್ತಿ ನೆನೀಬೇಕು, ಮರಿಗಳು ಹೆಚ್ಚಾಗಿ ಇರೋದೇ ಅಲ್ಲಿ. ಎಲೆ ಮೇಲೆ ಸುರೀಬೇಡಿ, ಬುಡಕ್ಕೆ ಹಾಕಿ.

ಒಂದು ಸಲ ಹಾಕಿ ಬಿಟ್ರೆ ಆಗಲ್ಲ. ಅದನ್ನ ತಿಂದ ಮರಿ ಮಾತ್ರ ಸಾಯತ್ತೆ. ಮೊಟ್ಟೆ, ಕೋಶ, ಬೆಳೆದ ನೊಣ ಉಳೀತವೆ. ಮೊಟ್ಟೆಯಿಂದ ನೊಣ ಆಗೋಕೆ 3–4 ವಾರ. ಅದಕ್ಕೇ 7 ದಿನಕ್ಕೊಮ್ಮೆ, 4 ಸಲ. ಎರಡನೇ ವಾರ ನೊಣ ಇನ್ನೂ ಹಾರ್ತಿದ್ರೆ ಗಾಬರಿ ಬೇಡ, ಅವು ಮೊದ್ಲೇ ಕೋಶದಲ್ಲಿದ್ದವು. ಹಳದಿ ಅಂಟು ಹಾಳೆ ಒಂದು ಇಡಿ. ಅದ್ರಿಂದ ಕಾಟ ಮುಗಿಯಲ್ಲ, ಆದ್ರೆ ವಾರಕ್ಕೆ ಎಷ್ಟು ಅಂಟಿದ್ವು ಅಂತ ಮಗಳು ಎಣಿಸಿ ಬರ್ದಿಟ್ರೆ ಇಳೀತಿದೆಯಾ ಗೊತ್ತಾಗತ್ತೆ.

ನೀರು ಮಳೆದು ಅಥವಾ ಆರ್‌ಒ, ಬೋರ್ ನೀರು ಬೇಡ. ಮನೆ ಆರ್‌ಒನಲ್ಲಿ ಎಷ್ಟೋ ಸಲ ರುಚಿಗೆ ಅಂತ ಶುದ್ಧ ಮಾಡದ ನೀರು ಬೆರೆಸೋ ತಿರುಪು ಇರತ್ತೆ, ನೀರಲ್ಲಿ ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರಲ್ಲಿ 50ರ ಒಳಗೆ ಬರತ್ತಾ ನೋಡಿ.

ಜೊತೆಗೆ ಹುಳದ ಊಟ ನಿಲ್ಲಿಸಿ. ಒಣಗಿದ ಎಲೆ ಬುಡಕ್ಕೇ ಕತ್ತರಿಸಿ ಹೊರಗೆ ಹಾಕಿ. ಮಗಳು ಸತ್ತ ಇರುವೆ ಎಲ್ಲ ತಂದು ತಿನ್ನಿಸ್ತಿದ್ರೆ ಬೇಡ ಅನ್ನಿ, ಜೀರ್ಣ ಆಗದೆ ಉಳಿದದ್ದು ಕೊಳೆಯತ್ತೆ. ಮುಚ್ಚಳ ಸ್ವಲ್ಪ ಸರಿಸಿಡಿ. ಮೇಲೆ 1 ಸೆಂಟಿಮೀಟರ್ ತೊಳೆದ ದಪ್ಪ ಸಿಲಿಕಾ ಮರಳು ಹರಡಿದ್ರೆ ಮೊಟ್ಟೆ ಇಡೋದು ಕಡ್ಮೆ ಆಗತ್ತೆ. ಮರಳಿಗೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿ, ನೊರೆ ಬಂದ್ರೆ ಸುಣ್ಣ ಇದೆ, ಹಾಕ್ಬೇಡಿ.

ಫ್ಲೈಟ್ರಾಪ್‌ನ ಅಲ್ಲಿಂದ ಎತ್ತಿಬಿಡಿ. ಅದಕ್ಕೆ ತಾರಸಿ ಬಿಸಿಲು ಬೇಕು, ಮುಚ್ಚಿದ ಗಾಜಿನ ಪೆಟ್ಟಿಗೆ ಬಿಸಿಲಿಗಿಟ್ರೆ ಒಳಗೆ ಬೇಯತ್ತೆ. ಬೇರೆ ಕುಂಡಕ್ಕೆ ಹಾಕಿ, ದಿನಾ ಒಂದಿಷ್ಟು ಬಿಸಿಲು ಹೆಚ್ಚಿಸ್ತಾ ಹೋಗಿ. ಫೋಟೋದಲ್ಲಿ ಅದರ ಹೊಸ ಎಲೆ ಸೊಟ್ಟ ಕಾಣ್ತಿದೆ, ನಡುವೆ ಸಸ್ಯಹೇನು ಇದ್ದೀತು. ಇದ್ರೆ ಔಷಧಿ ಏನೂ ಬೇಡ, ಕುಂಡದ ಸಮೇತ ಎರಡು ದಿನ ಮಳೆನೀರಲ್ಲಿ ಪೂರ್ತಿ ಮುಳುಗಿಸಿಡಿ, ಹೇನು ಸಾಯ್ತವೆ. ಕುಂಡದ ಪೀಟ್ (ಜೌಗಿನ ಕೊಳೆತ ಪಾಚಿಯ ಮಣ್ಣು) ತೇಲದ ಹಾಗೆ ಮೇಲೆ ಬಟ್ಟೆ ಕಟ್ಟಿ.

ಪೆಟ್ಟಿಗೆ ಹೊಸದಾಗಿ ತುಂಬೋದಾದ್ರೆ ಸ್ಫ್ಯಾಗ್ನಮ್ ಪೀಟ್ ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಒಂದು ಪಾಲು. ಪೀಟ್ ಮೇಲೆ ಕುದಿಯೋ ನೀರು ಸುರಿದು, ಮುಚ್ಚಿ, ಪೂರ್ತಿ ಆರಿದ ಮೇಲೆ ಹಿಂಡಿ ಬಳಸಿ, ಮೊಟ್ಟೆ ಮರಿ ಎಲ್ಲ ಅಲ್ಲೇ ಹೋಗತ್ತೆ. ಎರೆಗೊಬ್ಬರ ಚೂರೂ ಬೇಡ.

ಸದ್ಯಕ್ಕೆ ಇವತ್ತು ರಾತ್ರಿ ಆಲೂಗಡ್ಡೆ ಬಿಲ್ಲೆ ಇಡಿ. ನಾಡಿದ್ದು ಎತ್ತಿ, ಅಡಿಭಾಗದ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಬಿ.ಟಿ.ಐ. ಆರ್ಡರ್ ಮಾಡೋದು ಅದನ್ನ ನೋಡಿದ್ಮೇಲೇ.