ಪದಚರ್ಚೆ: ಮಾನಿಟರ್‌ನಲ್ಲಿ ಚಿತ್ರ ‘ಹರಿಯುತ್ತಿದೆ’ ಅಂದರೆ ಹೊಳೆಯ ಹಾಗೋ, ಬಟ್ಟೆಯ ಹಾಗೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ. ‘ಹರಿ’ ನಮಗೆಲ್ಲ ಗೊತ್ತಿರುವ ಕ್ರಿಯಾಪದವೇ. ಈಗ ಅದು ಸಿಕ್ಕಿಕೊಂಡಿರುವ ಜಾಗ ಮಾತ್ರ ಹೊಸದು: ಕಂಪ್ಯೂಟರಿನಲ್ಲಿ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡಿಗೂ ಆಟಕ್ಕೆಂದು ಕೊಳ್ಳುವ ದೊಡ್ಡ ಮಾನಿಟರಿಗೂ ನಡುವೆ.

ಸಾಗರದಲ್ಲಿರುವ ನನ್ನ ಅಕ್ಕನ ಮಗ ಎರಡು ವರ್ಷ ದುಡ್ಡು ಕೂಡಿಟ್ಟು 32 ಇಂಚಿನ, 144 ಹರ್ಟ್ಸ್‌ನ 4ಕೆ ಮಾನಿಟರ್ ತರಿಸಿಕೊಂಡ (ಈ ಲೆಕ್ಕಗಳ ಅರ್ಥ ಮುಂದೆ ಹೇಳುತ್ತೇನೆ). ಅವನ ಕಂಪ್ಯೂಟರಿನಲ್ಲಿದ್ದ ಕಾರ್ಡು 2016ರ ಕಾಲದ ಜಿಟಿಎಕ್ಸ್ 1060. ಮಾನಿಟರ್ ಬಂದ ಸಂಜೆಯೇ ಫೋನ್ ಮಾಡಿದ.

“ಮಾಮ, ಮಾನಿಟರ್ ಬಂತು. ಆಟ ಹಾಕಿದ್ರೆ ಚಿತ್ರ ಹರೀತಾ ಇದೆ.”

“ಒಳ್ಳೇದೇ ಆಯ್ತಲ್ಲೋ, ಅದಕ್ಕೇ ತಾನೆ ಅಷ್ಟು ದುಡ್ಡು ಕೊಟ್ಟಿದ್ದು.”

“ಹಂಗಲ್ಲ ಮಾಮ. ಹರಿದು ಹೋಗ್ತಾ ಇದೆ! ಅಡ್ಡಕ್ಕೆ ಗೆರೆ ಎಳೆದ ಹಂಗೆ. ಮೇಲಿಂದೊಂದು, ಕೆಳಗಿಂದೊಂದು.”

ನನಗೆ ಕಿವಿಗೆ ಬಿದ್ದದ್ದು ನೀರಿನ ಹರಿವು, ಅವನು ಹೇಳಿದ್ದು ಬಟ್ಟೆಯ ಹರಕು. ಒಂದೇ ವಾಕ್ಯ, ಎರಡು ತದ್ವಿರುದ್ಧ ಅರ್ಥ. ಆಟ ಆಡುವವರು ಮಾನಿಟರ್ ಬಗ್ಗೆ ಮೊದಲು ಕೇಳುವುದೇ ಈ ಎರಡನ್ನು. ಚಿತ್ರ ನಯವಾಗಿ ಸಾಗುತ್ತದೆಯೇ, ಇಲ್ಲ ಮಧ್ಯದಲ್ಲಿ ತುಂಡಾಗುತ್ತದೆಯೇ? ಎರಡಕ್ಕೂ ಕನ್ನಡದಲ್ಲಿ ಬಾಯಿಗೆ ಬರುವುದು ಒಂದೇ ಕ್ರಿಯಾಪದ. ನಾನು ಬಳಕೆದಾರರ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸದವನಾದ್ದರಿಂದ ಆ ಫೋನಿನ ಮಾತು ತಲೆಯಿಂದ ಹೋಗಲಿಲ್ಲ.

ಮೊದಲು ಹರಕು ಆಗುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಪದ ಆರಿಸುವಾಗ ಅದು ಬೇಕಾಗುತ್ತದೆ. ಮಾನಿಟರ್ ಪ್ರತಿ ಚಿತ್ರವನ್ನೂ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಬರೆಯುತ್ತಾ ಬರುತ್ತದೆ. 60 ಹರ್ಟ್ಸ್ ಅಂದರೆ ಸೆಕೆಂಡಿಗೆ 60 ಸಲ ಹಾಗೆ ಮೇಲಿಂದ ಕೆಳಗೆ ಬರುವುದು. ಒಂದೊಂದು ಸಲಕ್ಕೂ ಸುಮಾರು 16.7 ಮಿಲಿಸೆಕೆಂಡು. 144 ಹರ್ಟ್ಸ್ ಆದರೆ 7 ಮಿಲಿಸೆಕೆಂಡಿಗೂ ಒಂಚೂರು ಕಡಿಮೆ. ಕಾರ್ಡು ತನ್ನ ಪಾಡಿಗೆ ಚಿತ್ರ ತಯಾರಿಸುತ್ತಿರುತ್ತದೆ, ಅದಕ್ಕೆ ಮಾನಿಟರಿನ ಗಡಿಯಾರದ ಹಂಗಿಲ್ಲ.

ಅವನಿಗೆ ನಾನು ಇದನ್ನು ಪಂಕ್ತಿ ಊಟ ಇಟ್ಟುಕೊಂಡು ವಿವರಿಸಿದೆ. ಬಡಿಸುವವರು ಬಕೆಟ್ ಹಿಡಿದು ಪಂಕ್ತಿಯ ತುದಿಯಿಂದ ಸಾರು ಬಡಿಸುತ್ತಾ ಹೊರಟಿದ್ದಾರೆ. ಅರ್ಧ ಪಂಕ್ತಿ ಮುಗಿದಾಗ ಅಡುಗೆಮನೆಯವರು ಬಂದು ಕೈಯಲ್ಲಿದ್ದ ಬಕೆಟ್ ತೆಗೆದುಕೊಂಡು ಹುಳಿಯ ಬಕೆಟ್ ಕೊಟ್ಟರೆ? ಮೊದಲರ್ಧ ಎಲೆಗಳಿಗೆ ಸಾರು, ಉಳಿದರ್ಧಕ್ಕೆ ಹುಳಿ. ಮಾನಿಟರಿನಲ್ಲಿ ಆಗುವುದೂ ಅಷ್ಟೇ. ಮೇಲರ್ಧದಲ್ಲಿ ಹಳೆಯ ಚಿತ್ರ, ಕೆಳಗರ್ಧದಲ್ಲಿ ಹೊಸದು, ನಡುವೆ ಒಂದು ಅಡ್ಡಗೆರೆ. ಕಂಬದ ಪಕ್ಕ ರಭಸದಿಂದ ತಿರುಗಿದರೆ ಕಂಬ ಎರಡು ತುಂಡಾಗಿ, ಮೇಲಿನ ತುಂಡು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಜಾರಿ ನಿಂತ ಹಾಗೆ ಕಾಣುತ್ತದೆ.

ಇದಕ್ಕೆ ಹಳೆಯ ಪರಿಹಾರ ವಿ-ಸಿಂಕ್: ಪಂಕ್ತಿ ಪೂರ್ತಿ ಮುಗಿಯುವವರೆಗೆ ಅಡುಗೆಮನೆಯವರು ಬಕೆಟ್ ಬದಲಿಸದೆ ಕಾಯುವುದು. ಈಗಿನ ಪರಿಹಾರ ಜಿ-ಸಿಂಕ್, ಫ್ರೀಸಿಂಕ್‌ಗಳದ್ದು: ಬಕೆಟ್ ತುಂಬಿದ ಮೇಲೆಯೇ ಬಡಿಸುವವರು ಹೊರಡುವುದು, ಅಂದರೆ ಮಾನಿಟರೇ ಕಾರ್ಡಿಗಾಗಿ ಕಾಯುವುದು. ಹುಡುಗನ ಮಾನಿಟರಿನಲ್ಲಿ ಫ್ರೀಸಿಂಕ್ ಇತ್ತು. ಅವನ ಕಾರ್ಡಿನ ಕಂಪನಿಯಾದ ಎನ್‌ವಿಡಿಯಾದವರು 2019ರ ಜನವರಿಯಲ್ಲಿ ಅಂಥ ಮಾನಿಟರುಗಳಿಗೂ ತಮ್ಮ ಕಾರ್ಡುಗಳನ್ನು ಹೊಂದಿಸಿದ್ದರು. ಆದರೆ 1060 ಸೇರಿದ ಹತ್ತರ ಸರಣಿಯ ಕಾರ್ಡಿನಲ್ಲಿ ಅದು ಕೆಲಸ ಮಾಡುವುದು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದಾಗ ಮಾತ್ರ. ಇವನು ಹಳೆಯ ಎಚ್‌ಡಿಎಂಐ ಕೇಬಲ್ಲನ್ನೇ ಚುಚ್ಚಿದ್ದ. ಆ ಕಾರ್ಡಿನ ಎಚ್‌ಡಿಎಂಐ 2.0 ಆದದ್ದರಿಂದ 4ಕೆ ಚಿತ್ರ 60 ಹರ್ಟ್ಸ್‌ಗಿಂತ ಮೇಲೆ ಏರುವುದೂ ಇಲ್ಲ. ಕೇಬಲ್ ಬದಲಿಸಿದ ಮೇಲೆ ಹರಕು ನಿಂತಿತು.

ಈಗ ‘ಹರಿ’ಗೆ ಬರುತ್ತೇನೆ. ಇಂದು ಒಂದೇ ಪದದ ಹಾಗೆ ಕಾಣುವ ಇದು ಹಳಗನ್ನಡದಲ್ಲಿ ಎರಡು ಪದ. ಓಡು, ಹರಿದಾಡು ಅನ್ನುವುದಕ್ಕೆ ‘ಪರಿ’, ಕತ್ತರಿಸು, ತುಂಡಾಗು ಅನ್ನುವುದಕ್ಕೆ ‘ಪಱಿ’. ಮೊದಲನೆಯದರಲ್ಲಿ ನಮ್ಮ ಮಾಮೂಲಿ ರಕಾರ, ಎರಡನೆಯದರಲ್ಲಿ ಶಕಟರೇಫ, ಅಂದರೆ ಹಳಗನ್ನಡದ ಱ ಅಕ್ಷರ. ಪಕಾರ ಹಕಾರವಾಗಿ, ಱ ಹೋಗಿ ರ ಉಳಿದಾಗ ಎರಡೂ ‘ಹರಿ’ಯಾಗಿ ಕೂಡಿಕೊಂಡವು. ‘ತೆರೆ’ಯಲ್ಲಿಯೂ ಹೀಗೇ ಆಗಿದೆ: ಅಲೆ, ಪರದೆ ಅನ್ನುವ ‘ತೆರೆ’ ಬೇರೆ, ಬಾಗಿಲು ‘ತೆಱೆ’ ಬೇರೆ. ಯೂನಿಕೋಡಿನಲ್ಲಿ ಇಂದಿಗೂ ಱ ಅಕ್ಷರಕ್ಕೆ ಜಾಗ ಇದೆ, ಈ ಪತ್ರದಲ್ಲಿ ಅದನ್ನು ಬೆರಳಚ್ಚಿಸಲು ಸಾಧ್ಯವಾದದ್ದು ಅದರಿಂದಲೇ. ಮಾತಿನಲ್ಲಿ ಮಾತ್ರ ಅದು ಇಲ್ಲ.

ಅಕ್ಷರ ಹೋದರೂ ವ್ಯತ್ಯಾಸ ಪೂರ್ತಿ ಹೋಗಿಲ್ಲ, ಅದು ಪಕ್ಕದ ಪದಗಳಿಗೆ ದಾಟಿಕೊಂಡಿದೆ. ‘ಹರಿದು ಬಂತು’ ಅಂದರೆ ನೀರೋ ಜನವೋ ದುಡ್ಡೋ ಹರಿದು ಬಂದದ್ದು, ಬಟ್ಟೆಯಲ್ಲ. ‘ಹರಿದು ಹಾಕಿದ’ ಅಂದರೆ ಕಾಗದ, ಬಟ್ಟೆ. ಅಲ್ಲಿ ನೀರಿಗೆ ಜಾಗವಿಲ್ಲ. ‘ಹರಿದಾಡು’ ಹಾವಿಗೆ, ಸುದ್ದಿಗೆ. ‘ಹರಿಸು’ ನೀರಿಗೆ, ಗಮನಕ್ಕೆ. ‘ಅವನು ಪತ್ರ ಹರಿದ’ ಅನ್ನಬಹುದು, ‘ಅವನು ನೀರು ಹರಿದ’ ಅನ್ನುವ ಹಾಗಿಲ್ಲ. ನಾಮಪದಕ್ಕೆ ಬಂದರೆ ‘ಹರಿವು’ ಹೊಳೆಯದು, ‘ಹರಕು’ ಚಾಪೆಯದು, ಗೊಂದಲವೇ ಇಲ್ಲ. ಎರಡೂ ಅರ್ಥ ಕೊಡುವುದು ‘ಹರಿಯುತ್ತಿದೆ’, ‘ಹರಿದು ಹೋಯಿತು’ ಅನ್ನುವಂಥ ಜಾಗಗಳಲ್ಲಿ. ಅಲ್ಲಿ ಕರ್ತೃವನ್ನು ನೋಡಿ ಅರ್ಥ ಹಿಡಿಯುತ್ತೇವೆ. ನೀರು ಹರಿದು ಹೋಯಿತು, ಸೀರೆ ಹರಿದು ಹೋಯಿತು. ನೀರಿನ ಜಾತಿಯದಾದರೆ ಹರಿವು, ನೂಲಿನ ಜಾತಿಯದಾದರೆ ಹರಕು.

ತೊಡಕು ಇರುವುದು ‘ಚಿತ್ರ’ದಲ್ಲಿ. ಚಿತ್ರ ನೀರಿನ ಜಾತಿಯೂ ಅಲ್ಲ, ನೂಲಿನ ಜಾತಿಯೂ ಅಲ್ಲ. ಆದ್ದರಿಂದ ‘ಚಿತ್ರ ಹರಿಯುತ್ತಿದೆ’ ಕೇಳಿದವರು ತಮಗೆ ಬೇಕಾದ ಕಡೆ ವಾಲುತ್ತಾರೆ. ಕೆಲವು ಕೈಪಿಡಿಗಳಲ್ಲಿ ಬಂದಿರುವ ‘ಪರದೆ ಹರಿಯುವಿಕೆ’ ಇನ್ನೂ ಕಷ್ಟ. ಪರದೆ ಅಂದರೆ ನಮ್ಮ ಮನೆಗಳಲ್ಲಿ ಕಿಟಕಿಯ ಬಟ್ಟೆ, ಅದು ಹರಿದರೆ ನಿಜವಾಗಿಯೂ ಹರಿದದ್ದೇ. ‘ತೆರೆ ಹರಿಯುತ್ತಿದೆ’ ಅಂದರೆ ಕಡಲ ತೀರದವರಿಗೆ ಅಲೆ ನೆನಪಾದೀತು.

ನನ್ನ ಸಲಹೆ ಇದು. ಒಂದು ಸೆಕೆಂಡಿನಲ್ಲಿ ಕಾರ್ಡು ತಯಾರಿಸುವ ಒಂದೊಂದು ಚಿತ್ರಕ್ಕೆ, ಅಂದರೆ ಫ್ರೇಮಿಗೆ, ‘ಪಟ’ ಅನ್ನೋಣ. ನಿಘಂಟುಗಳ ‘ಚೌಕಟ್ಟು’ ಬಾಗಿಲಿಗೆ, ಫೋಟೋದ ಸುತ್ತಲಿನ ಕಟ್ಟಿಗೆ ಸರಿ. ‘ಸೆಕೆಂಡಿಗೆ 60 ಚೌಕಟ್ಟು’ ಅಂದಾಗ ನನಗೆ ಬಡಗಿಯ ಅಂಗಡಿಯೇ ಕಣ್ಣಿಗೆ ಬರುತ್ತದೆ. ‘ಪಟ’ ಹಾಗಲ್ಲ. ಗೋಡೆಗೆ ತೂಗುಹಾಕಿದ ದೇವರ ಪಟ ಇದೆ, ಅಜ್ಜನ ಪಟ ಇದೆ, ಗಾಳಿಪಟವೂ ಇದೆ. ಮೂಲದಲ್ಲಿ ಪಟ ಅಂದರೆ ಬಟ್ಟೆಯೇ, ಆದ್ದರಿಂದ ಅದು ನೂಲಿನ ಜಾತಿ. ‘ಪಟ ಹರಿಯುತ್ತಿದೆ’ ಅಂದರೆ ಯಾರ ಕಿವಿಗೂ ಹೊಳೆ ಕೇಳಿಸುವುದಿಲ್ಲ. ಆಟಕ್ಕೆ ಬೇಕಾದರೆ ‘ಆಟ ಹರಿಯುತ್ತಿದೆ’ ಅನ್ನಬಹುದು, ಅಲ್ಲಿ ಯಾರಿಗೂ ಬಟ್ಟೆ ಕಾಣಿಸದು. ತೊಂದರೆಯ ಹೆಸರು ‘ಪಟದ ಹರಕು’.

‘ಸೀಳು’, ‘ಬಿರುಕು’ ಎರಡನ್ನೂ ಯೋಚಿಸಿದೆ. ಸೀಳು ನನಗೆ ಸೌದೆಯ, ಬಿದಿರಿನ ಮಾತು, ಉದ್ದಕ್ಕೆ ಹೋಗುವಂಥದು. ಇಲ್ಲಿನ ಗೆರೆ ಅಡ್ಡಕ್ಕೆ. ‘ಬಿರುಕು’ ಅಂತೂ ಬೇಡವೇ ಬೇಡ. ಮಾನಿಟರಿನಲ್ಲಿ ಬಿರುಕು ಅಂದರೆ ಗಾಜು ಒಡೆದಿದೆ ಅಂತಲೇ ಅರ್ಥ. ವಾರಂಟಿ ಕೇಳಲು ಹೋದವರು ಅರ್ಜಿಯಲ್ಲಿ ಆ ಪದ ಬರೆದರೆ ಬೀಳಿಸಿ ಒಡೆದಿದ್ದೀರಿ ಅನ್ನುವ ಉತ್ತರ ಬಂದೀತು. ಪದ ತಪ್ಪಿದ್ದಕ್ಕೆ ದುಡ್ಡು ಕಳೆದುಕೊಳ್ಳುವಂತಾಗಬಾರದು.

ಇಲ್ಲಿಗೆ ಕತೆ ಮುಗಿಯಲಿಲ್ಲ. ಹರಕು ನಿಂತ ಮೇಲೆ ಹುಡುಗ ಮತ್ತೆ ಫೋನ್ ಮಾಡಿದ: “ಈಗ ಹರಿಯಲ್ಲ ಮಾಮ, ಆದ್ರೆ ಜಗ್ಗುತ್ತೆ.” ಈ ಪದ ಕೇಳಿ ನನಗೆ ತುಂಬಾ ಸಂತೋಷವಾಯಿತು. ಕ್ಲಚ್ ಬೇಗ ಬಿಟ್ಟಾಗ ಗಾಡಿ ಜಗ್ಗುತ್ತದಲ್ಲ, ಆ ಜಗ್ಗು. ಚಿತ್ರ ಒಂದು ಕ್ಷಣ ನಿಂತು, ಮುಂದೆ ಹಾರಿ, ಮತ್ತೆ ನಿಲ್ಲುವುದು. ಅವನ ಗೆಳೆಯರು ‘ಲ್ಯಾಗ್ ಹೊಡೀತಿದೆ’ ಅನ್ನುತ್ತಾರಂತೆ. ಆದರೆ ಲ್ಯಾಗ್ ಅಂದರೆ ಗುಂಡಿ ಒತ್ತಿದ್ದಕ್ಕೂ ಪರಿಣಾಮ ಕಾಣುವುದಕ್ಕೂ ನಡುವಿನ ತಡ, ಅದು ಬೇರೆಯೇ ಸಂಗತಿ. ಕೈಪಿಡಿಯೊಂದರಲ್ಲಿ ‘ತೊದಲುವಿಕೆ’ ಅಂತ ಹಾಕಿದ್ದನ್ನು ನೋಡಿದ್ದೇನೆ. ತೊದಲುವುದು ನಾಲಿಗೆಯ ಕೆಲಸ. ಓಟಕ್ಕೆ ‘ಜಗ್ಗು’ ಎಷ್ಟೋ ಮೇಲು.

ಜಗ್ಗಿಗೆ ಕಾರಣ ಕಾರ್ಡಿನ ಶಕ್ತಿ ಸಾಲದ್ದು. ಇಲ್ಲಿ ‘ದೊಡ್ಡ ಮಾನಿಟರ್’ ಅನ್ನುವ ಮಾತೂ ದಾರಿ ತಪ್ಪಿಸುತ್ತದೆ. ಕಾರ್ಡಿಗೆ ಇಂಚಿನ ಲೆಕ್ಕ ಗೊತ್ತಿಲ್ಲ. 24 ಇಂಚಿನ ಫುಲ್ ಎಚ್‌ಡಿಯೂ 32 ಇಂಚಿನ ಫುಲ್ ಎಚ್‌ಡಿಯೂ ಅದಕ್ಕೆ ಒಂದೇ ಭಾರ: 1920ಕ್ಕೆ 1080, ಒಟ್ಟು 20,73,600 ಚುಕ್ಕಿ. 4ಕೆ ಆದರೆ 3840ಕ್ಕೆ 2160, ಒಟ್ಟು 82,94,400, ಸರಿಯಾಗಿ ನಾಲ್ಕು ಪಟ್ಟು. ಇದನ್ನು ಅಕ್ಕನಿಗೆ ವಿವರಿಸುವಾಗ ಅವಳು ಥಟ್ಟನೆ ಕೇಳಿದಳು: “ಅಂದ್ರೆ ರಂಗೋಲಿ ಥರ, ಇಷ್ಟು ಚುಕ್ಕಿ, ಇಷ್ಟು ಸಾಲು?” ಹೌದು, ಅಷ್ಟೇ! 15 ಚುಕ್ಕಿ 15 ಸಾಲಿನ ರಂಗೋಲಿಗೂ 30 ಚುಕ್ಕಿ 30 ಸಾಲಿನದಕ್ಕೂ ಅಂಗಳ ಒಂದೇ ಇರಬಹುದು, ಇಡುವ ಕೈಗೆ ಕೆಲಸ ನಾಲ್ಕು ಪಟ್ಟು. ರೆಸಲ್ಯೂಷನ್‌ಗೆ ಭೌತಶಾಸ್ತ್ರದ ‘ಪೃಥಕ್ಕರಣ’ವನ್ನು ಎಳೆದು ತರುವ ಬದಲು ‘ಚುಕ್ಕಿ-ಸಾಲು’ ಅಂದರೆ ನಮ್ಮ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮಾನಿಟರಿನ ಚುಕ್ಕಿ-ಸಾಲು ಎಷ್ಟು? 3840 ಚುಕ್ಕಿ, 2160 ಸಾಲು. ಈ ಒಂದು ಪದಕ್ಕಾಗಿ ನಾನು ಹಟ ಹಿಡಿಯಲು ತಯಾರಿದ್ದೇನೆ.

ಕೊನೆಗೆ ಅವನು ಬೆಂಗಳೂರಿಗೆ ಬಂದ. ಎಸ್.ಪಿ. ರಸ್ತೆಯಲ್ಲಿ ಇಬ್ಬರೂ ಅಲೆದು ಆರ್‌ಟಿಎಕ್ಸ್ 4070 ಸೂಪರ್ ಅನ್ನುವ ಹೊಸ ಕಾರ್ಡು ಕೊಂಡೆವು. ಹಳೆಯ ಕಾರ್ಡು 120 ವ್ಯಾಟ್ ಕುಡಿಯುತ್ತಿತ್ತು, ಇದಕ್ಕೆ 220 ಬೇಕು. ಅದಕ್ಕಾಗಿ 450 ವ್ಯಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬ) ಕೂಡ ತೆಗೆದು 650ರದ್ದು ಹಾಕಬೇಕಾಯಿತು. ಅಂಗಡಿಯವರ ಮಾತು ಕೇಳುತ್ತಾ ಹೋದೆ. ಅಲ್ಲಿ ಕಾರ್ಡನ್ನು ಯಾರೂ ‘ಅಳವಡಿಸು’ವುದಿಲ್ಲ, ‘ಕೂರಿಸು’ತ್ತಾರೆ. ಮನೆಯಲ್ಲಿ ಮೊದಲ ಸಲ ಹಾಕಿದಾಗ ಫ್ಯಾನ್ ತಿರುಗಿತು, ಮಾನಿಟರಿನಲ್ಲಿ ಏನೂ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಮೂರೇ ಮಾತು: “ಕಾರ್ಡ್ ಕೂತಿಲ್ಲ ಸಾರ್.” ಹುಡುಗ ಕರೆಂಟು ತೆಗೆದು, ಕಾರ್ಡಿನ ಎರಡು ತುದಿಯನ್ನೂ ಹೆಬ್ಬೆರಳಲ್ಲಿ ಸಮನಾಗಿ ಒತ್ತಿದ. ಸ್ಲಾಟಿನ ಕೊನೆಯ ಪ್ಲಾಸ್ಟಿಕ್ ಕೊಂಡಿ ‘ಟಕ್’ ಅಂದು ಮೇಲೆದ್ದು ಕಚ್ಚಿಕೊಂಡಿತು. ಕೂತಿತು. ಸರಿಯಾದ ಜಾಗಕ್ಕೆ ಹೋಗಿದೆ, ಪೂರ್ತಿ ಒಳಗೆ ಇಳಿದಿದೆ, ಗಟ್ಟಿಯಾಗಿದೆ, ಈ ಮೂರನ್ನೂ ಒಂದೇ ಕ್ರಿಯಾಪದ ಹೇಳುತ್ತದೆ. ನನ್ನ ಕೈಪಿಡಿಗಳಲ್ಲಿ ಇಷ್ಟು ವರ್ಷ ‘ಸ್ಥಾಪಿಸಿ’ ಅಂತ ಬರೆದಿದ್ದೆ, ಇನ್ನು ಮುಂದೆ ‘ಕೂರಿಸಿ’ ಅಂತಲೇ ಬರೆಯುತ್ತೇನೆ.

ಮಾನಿಟರ್ ಆನ್ ಆದ ಮೇಲೂ 60 ಹರ್ಟ್ಸ್‌ನಲ್ಲೇ ಇತ್ತು. ಸೆಟ್ಟಿಂಗ್ಸ್‌ಗೆ ಹೋಗಿ 144 ಮಾಡಬೇಕು, ಬಹಳ ಜನ ಇದನ್ನು ಮರೆಯುತ್ತಾರೆ. ಮಾಡಿದ ಮೇಲೆ ಅವನು ಮೌಸ್ ಆಡಿಸಿ ನೋಡುತ್ತಾ, “ಈಗ ಹರೀತಾ ಇದೆ ನೋಡು ಮಾಮ” ಅಂದ. ಈ ಸಲ ನನಗೆ ಹೊಳೆಯೇ ಕೇಳಿಸಿತು, ಅವನು ಹೇಳಿದ್ದೂ ಹೊಳೆಯನ್ನೇ.

ಅವನ ಗೆಳೆಯರಿಗಾಗಿ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಮಾಡುತ್ತಿದ್ದೇನೆ. ಅದಕ್ಕೆ ಮುಂಚೆ ನಿಮ್ಮನ್ನು ಕೇಳಬೇಕಾದದ್ದು ಕೆಲವಿವೆ.

ಹರ್ಟ್ಸ್‌ನ ಲೆಕ್ಕಕ್ಕೆ, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಬರೆಯುತ್ತದೆ ಅನ್ನುವುದಕ್ಕೆ, ‘ಸುತ್ತು’ ಅನ್ನಬಹುದೇ? ಬಡಿಸುವವರು ಎರಡನೇ ಸುತ್ತು ಬಂದರು ಅನ್ನುತ್ತೇವಲ್ಲ, ಆ ಸುತ್ತು. ಆಗ ಕಾರ್ಡಿನದು ‘ಸೆಕೆಂಡಿಗೆ ಇಷ್ಟು ಪಟ’, ಮಾನಿಟರಿನದು ‘ಸೆಕೆಂಡಿಗೆ ಇಷ್ಟು ಸುತ್ತು’ ಅಂತ ಬೇರೆಬೇರೆ ಉಳಿಯುತ್ತವೆ. ಹುಡುಗರು ಈ ಎರಡನ್ನೂ ಒಂದೇ ಅಂದುಕೊಂಡು, ಕಾರ್ಡು 40 ಪಟವನ್ನೂ ಕೊಡಲಾರದಿದ್ದಾಗ 144ರ ಮಾನಿಟರ್ ಕೊಂಡು ನಿರಾಶರಾಗುವುದನ್ನು ನೋಡಿದ್ದೇನೆ.

‘ಜಗ್ಗು’ವಿನ ಬಗ್ಗೆ ಉತ್ತರ ಕರ್ನಾಟಕದವರು ಹೇಳಬೇಕು. ನಿಮ್ಮ ಕಡೆ ಜಗ್ಗುವುದು ಅಂದರೆ ಮೊದಲು ಹೊಳೆಯುವುದು ಎಳೆಯುವುದೇ ಅಲ್ಲವೇ, ಹಗ್ಗ ಜಗ್ಗಾಟದ ಹಾಗೆ? ಹಾಗಿದ್ದರೆ ‘ಆಟ ಜಗ್ಗುತ್ತೆ’ ಅಂದಾಗ ನಿಮಗೆ ಬೇರೆಯೇ ಅರ್ಥ ಬರುತ್ತದೆಯೇ?

ಇನ್ನೊಂದು, ಟಿಪ್ಪಣಿಗೆ ಸಂಬಂಧವಿಲ್ಲ, ಕೇಳದೆ ಇರಲಾರೆ. ‘ಬೆಳಕು ಹರಿಯಿತು’ ಅನ್ನುತ್ತೇವೆ. ಅಲ್ಲಿರುವುದು ಯಾವ ಹರಿ? ಬೆಳಕು ಹೊಳೆಯ ಹಾಗೆ ಹರಡಿಕೊಂಡದ್ದೋ, ಕತ್ತಲು ಬಟ್ಟೆಯ ಹಾಗೆ ಹರಿದದ್ದೋ? ಹಳೆಯ ಶಾಸನಗಳನ್ನೋ ಓಲೆಗರಿಗಳನ್ನೋ ಓದಿದವರು ಅಲ್ಲಿ ರ ಇದೆಯೋ ಱ ಇದೆಯೋ ಅಂತ ನೋಡಿ ತಿಳಿಸಿದರೆ ಉಪಕಾರವಾಗುತ್ತದೆ.