150 ಜನ ಕೂತಿರ್ತಾರೆ, ಕೇಳೋರು ಮೂರು ಸಾಲು ಅಷ್ಟೇ. ಎಂಬಿಬಿಎಸ್ ಹುಡುಗ್ರಿಗೆ ಪಾಠ ಹೇಗೆ ಮಾಡೋದು?

ಫಾರ್ಮಾ ಮೇಡಂ

ಎಲ್ರಿಗೂ ನಮಸ್ಕಾರ. ಮೆಡಿಕಲ್ ಕಾಲೇಜೊಂದ್ರಲ್ಲಿ ಫಾರ್ಮಕಾಲಜಿ (ಔಷಧಿಗಳ ಶಾಸ್ತ್ರ) ಅಸಿಸ್ಟೆಂಟ್ ಪ್ರೊಫೆಸರ್ ಆಗಿದೀನಿ, ಸೆಕೆಂಡ್ ಇಯರ್‌ಗೆ ಪಾಠ. ಬ್ಯಾಚಲ್ಲಿ 150 ಜನ. ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಅಟೆಂಡೆನ್ಸ್ ಬೇಕೇ ಬೇಕು ಅನ್ನೋ ರೂಲ್ ಇರೋದ್ರಿಂದ ಎಲ್ರೂ ಬರ್ತಾರೆ, ಮುಂದಿನ ಮೂರು ಸಾಲು ಬರ್ಕೊಳ್ತಾರೆ, ಹಿಂದಿನವ್ರು ಇಯರ್‌ಫೋನ್ ಹಾಕ್ಕೊಂಡು ನಾನು ಮಾಡ್ತಿರೋ ಅದೇ ಟಾಪಿಕ್ಕನ್ನ ಕೋಚಿಂಗ್ ಆ್ಯಪಲ್ಲಿ ಡಬಲ್ ಸ್ಪೀಡಲ್ಲಿ ನೋಡ್ತಿರ್ತಾರೆ. ಬೈದ್ರೆ ಫೋನು ಜೇಬಿಗೆ ಹೋಗುತ್ತೆ ಅಷ್ಟೇ.

ನಾನು ಯೋಚನೆ ಮಾಡೋದು ಏನಂದ್ರೆ, ಇವ್ರಿಗೆ ಕಲಿಯೋ ಆಸೆ ಇಲ್ಲ ಅಂತಲ್ಲ, ಅದೇ ಟಾಪಿಕ್ ತಾನೇ ನೋಡ್ತಿರೋದು! ನೀಟ್‌ಗೆ ಹಗಲೂ ರಾತ್ರಿ ಓದಿ ಸೀಟು ತಗೊಂಡು ಬಂದ ಮಕ್ಕಳು ಇವ್ರು. ಒಂದೂವರೆ ವರ್ಷದಲ್ಲಿ ಮುಖ ಹೀಗೆ ಬಾಡೋದು ಯಾಕೆ?

2019ರಲ್ಲಿ ಸಿಬಿಎಂಇ ಅನ್ನೋ ಹೊಸ ಎಂಬಿಬಿಎಸ್ ಪಠ್ಯಕ್ರಮ ಬಂತಲ್ಲ, ಅದ್ರಲ್ಲಿ ಲೆಕ್ಚರ್ ಮೂರನೇ ಒಂದು ಭಾಗ ಮೀರಬಾರ್ದು, ಉಳಿದದ್ದೆಲ್ಲ ಗ್ರೂಪ್ ಡಿಸ್ಕಷನ್, ಪ್ರಾಕ್ಟಿಕಲ್, ಕ್ಲಿನಿಕಲ್ ಅಂತ ಚೆನ್ನಾಗೇ ಬರೆದಿದಾರೆ. ನಮ್ಮ ಟೈಮ್‌ಟೇಬಲಲ್ಲೂ ಎಸ್‌ಜಿಡಿ (ಸ್ಮಾಲ್ ಗ್ರೂಪ್ ಡಿಸ್ಕಷನ್) ಅಂತ ಕಾಣುತ್ತೆ. ಆದ್ರೆ ಗ್ರೂಪ್ ಮಾಡೋಕೆ ಟೀಚರ್ಸ್ ಎಲ್ಲಿದಾರೆ, ಅದೇ ಗ್ಯಾಲರೀಲಿ ಅದೇ 150 ಜನಕ್ಕೆ ಇನ್ನೊಂದು ಲೆಕ್ಚರ್ ಆಗೋಗುತ್ತೆ. ಲಾಗ್‌ಬುಕ್ ಸೈನು ತಿಂಗಳ ಕೊನೇಲಿ ಒಟ್ಟಿಗೆ. ಮೆಡಿಕಲ್ ಎಜುಕೇಶನ್ ಬೇಸಿಕ್ ಕೋರ್ಸ್ ನಾವೆಲ್ಲ ಮಾಡಿದೀವಿ, ಲರ್ನಿಂಗ್ ಆಬ್ಜೆಕ್ಟಿವ್ ಬರೆಯೋಕೆ ಬರುತ್ತೆ, ಆದ್ರೆ ನಾಲ್ಕನೇ ಸಾಲಿನ ಹುಡುಗನ್ನ ಕಣ್ಣೆತ್ತಿ ನೋಡೋ ಹಾಗೆ ಮಾಡೋದು ಹೇಗೆ ಅಂತ ಅಲ್ಲಿ ಸಿಗ್ಲಿಲ್ಲ.

ಇರೋ ಜನ, ಇರೋ ಟೈಮಲ್ಲೇ ಏನು ಮಾಡಿದ್ರೆ ನಿಜವಾಗ್ಲೂ ಬದಲಾವಣೆ ಆಯ್ತು ಅನ್ನೋದು ಗೊತ್ತಿದ್ರೆ ಹೇಳಿ ಪ್ಲೀಸ್. ಸ್ಟೂಡೆಂಟ್ಸ್ ಇದ್ರೆ ನೀವೂ ಬರೀರಿ, ನಿಮ್ಮ ಮಾತೇ ನಂಗೆ ಮುಖ್ಯ.

ಹುಬ್ಳಿ ಇಂಟರ್ನ್

ಮೇಡಂ, ನಾನು ಈಗ ಇಂಟರ್ನ್‌ಶಿಪ್ ಮಾಡಾಕತ್ತೀನಿ. ಮೊದಲ ಒಂದು ಮಾತು ಹೇಳ್ತೀನ್ರಿ, ಆ್ಯಪ್ ನೋಡೋರು ನಿಮ್ಮ ಪಾಠ ಚಲೋ ಇಲ್ಲಂತ ನೋಡಂಗಿಲ್ಲ. ನೀಟ್ ಪೀಜಿ, ಅಂದ್ರ ಎಂಬಿಬಿಎಸ್ ಆದ ಮ್ಯಾಲೆ ಪೀಜಿ ಸೀಟಿಗೆ ಬರಿಯೋ ಪರೀಕ್ಷಾ, 200 ಪ್ರಶ್ನೆ, ಸರಿ ಆದ್ರ ನಾಲ್ಕು ಮಾರ್ಕ್ಸ್, ತಪ್ಪಾದ್ರ ಒಂದು ಕಟ್, ಆ ರ‍್ಯಾಂಕ್ ಮ್ಯಾಲೆ ಮುಂದಿಂದು ಎಲ್ಲಾ. ಎಂಬಿಬಿಎಸ್ ಸೀಟು ವರ್ಷಾ ವರ್ಷಾ ಏರಿ ದೇಶದಾಗ ಒಂದು ಲಕ್ಷ ದಾಟ್ಯಾವ, ಪೀಜಿ ಸೀಟು ಅಷ್ಟಿಲ್ಲ, ಅದ್ರಾಗೂ ಎಲ್ಲಾರಿಗೂ ಬೇಕಾಗಿದ್ದು ಮೆಡಿಸಿನ್, ರೇಡಿಯಾಲಜಿ, ಡರ್ಮಾ. ಎಂಬಿಬಿಎಸ್ ಕೊನಿಗೆ ದೇಶಕ್ಕೆಲ್ಲಾ ಒಂದ ಅನ್ನೋ 'ನೆಕ್ಸ್ಟ್' ಎಕ್ಸಾಮ್ ಅಂತೂ 2019ರ ಕಾಯ್ದೆದಾಗನ ಐತಿ, ಇವತ್ತ ಬರತೈತಿ ನಾಳೆ ಬರತೈತಿ ಅಂತ ಪ್ರತಿ ಬ್ಯಾಚೂ ಹೆದರಕೋತ ಕುಂದರತೈತಿ. ಯೂನಿವರ್ಸಿಟಿ ಎಕ್ಸಾಮಿಗೆ ಲಾಂಗ್ ಎಸ್ಸೆ, ಶಾರ್ಟ್ ನೋಟ್ಸ್, ಅಲ್ಲೆ ಪೇಷಂಟ್ ಹಿಸ್ಟ್ರಿ ಕೊಟ್ಟು ಮುಂದೇನು ಮಾಡ್ತಿ ಅಂತ ಕೇಳ್ತಾರ. ಎರಡು ಎಕ್ಸಾಮಿಗೆ ಎರಡು ನಮೂನಿ ಓದು, ನಡುವ ಕ್ಲಾಸು. ಹಿಂಗಾಗಿ ಕ್ಲಾಸ್ ಟೈಮ್ ವೇಸ್ಟ್ ಅನ್ನಸ್ತೈತ್ರಿ.

ನಂಗ ಫಾರ್ಮಾ ತಲಿಗೆ ಹತ್ತಿದ್ದು ಕ್ಯಾಶುವಾಲ್ಟಿದಾಗ. ಹೊಲಕ್ಕ ಹೊಡಿಯೋ ಎಣ್ಣಿ ಕುಡದು ಒಬ್ಬಾವ ಬಂದಿದ್ದ, ಆರ್ಗನೋಫಾಸ್ಫರಸ್. ಡ್ಯೂಟಿ ಪೀಜಿ ಸರ್ ನನ್ನ ಕರೆದು, ಐದೈದು ನಿಮಿಷಕ್ಕ ನೀನ ನೋಡಬೇಕು, ಎದ್ಯಾಗ ಸ್ಟೆತ್ ಇಟ್ಟು ಸಪ್ಪಳ ಕೇಳು, ಪಲ್ಸ್ ಎಣಿಸು, ಬಿಪಿ ನೋಡು, ಕಂಕಳ ಮುಟ್ಟಿ ಬೆವರು ಆರೇತೇನು ನೋಡು, ಆ ವಿಷಕ್ಕ ಕೊಡೋ ಅಟ್ರೊಪಿನ್ ಎಷ್ಟು ಹೋತು ಬರಿ ಅಂದ್ರು. ಸೆಕೆಂಡ್ ಇಯರ್‌ನ್ಯಾಗ ಬಾಯಿಪಾಠ ಮಾಡಿದ್ದ ಮಸ್ಕರಿನಿಕ್ ಲಕ್ಷಣದ (ಬೆವರು, ಎದ್ಯಾಗ ಸಪ್ಪಳ, ಇಂಥಾವು) ಲಿಸ್ಟ್ ಅಷ್ಟೂ ಕಣ್ಣ ಮುಂದ ಒಂದೊಂದ ಬಿಡಕೋತ ಹೋತು. ಎದಿ ಕ್ಲಿಯರ್ ಆತು, ಆದ್ರ ಕುತಿಗಿ ಎತ್ತಾಕ ಬರವಲ್ದು. ಯಾಕ ಅಂತ ಸರ್ ಕೇಳಿದ್ರು, ನಿಕೋಟಿನಿಕ್‌ಗೆ, ಅಂದ್ರ ಸ್ನಾಯುವಿನ ರಿಸೆಪ್ಟರ್‌ಗೆ, ಅಟ್ರೊಪಿನ್ ನಡಿಯಂಗಿಲ್ಲ ಅಂತ ನಾನು ಹೇಳಿದೆ. ಅದನ್ನ ಇನ್ನ ಮರಿಯಾಂಗಿಲ್ರಿ.

ನಂಗೇನು ಅಲ್ಲಿ ದೊಡ್ಡ ಕೆಲಸ ಕೊಟ್ಟಿರ್ಲಿಲ್ಲ. ಆದ್ರ ನಾನು ನೋಡ್ಲಿಲ್ಲಂದ್ರ ಬ್ಯಾರೆ ಯಾರೂ ನೋಡಂಗಿಲ್ಲ ಅನ್ನೋ ಹಂಗ ಇತ್ತು. ಕ್ಲಾಸಿನ್ಯಾಗ ಹಂಗ ಒಮ್ಮೆನೂ ಅನ್ನಿಸಿಲ್ಲ. ಇನ್ನೊಂದು, ವೈವಾದಾಗ ಎಲ್ಲಾರ ಮುಂದ ಮಾನ ಕಳಿಯೋದು ನಿಂದರಬೇಕ್ರಿ. ಒಮ್ಮೆ ಹಂಗ ಬೈಸಿಕೊಂಡಾವ ಆ ವಾರ್ಡಿಗೆ ಮುಂದ ಬರೂದ ಬಿಡ್ತಾನ.

ಹಳೇ ಮೆಡಿಸಿನ್ ಮೇಷ್ಟ್ರು

ಇಂಟರ್ನ್ ತಮ್ಮ ಹೇಳಿದ್ರಲ್ಲಿ ಅರ್ಧ ಒಪ್ತೀನಿ. ನೀಟ್ ಪೀಜಿ ಒತ್ತಡ ನಿಜ, ಆದ್ರೆ ಎಲ್ಲಾ ತಪ್ಪನ್ನೂ ಎಕ್ಸಾಮ್ ತಲೆ ಮೇಲೆ ಹಾಕೋಕಾಗಲ್ಲ, ಆ ಪರೀಕ್ಷೆ ಇಲ್ಲದ ಕಾಲದಲ್ಲೂ ಹಿಂದಿನ ಬೆಂಚು ನಿದ್ದೆ ಮಾಡ್ತಿತ್ತು. ಪಾಠ ಶುರು ಆಗೋ ಜಾಗವೇ ತಪ್ಪು ಅಂತ ನನ್ನ ಅಭಿಪ್ರಾಯ. ಕ್ಲಾಸಿಫಿಕೇಶನ್ನಿಂದ ಶುರು ಮಾಡ್ತೀವಿ, ಮೆಕ್ಯಾನಿಸಂ ಹೇಳ್ತೀವಿ, ಅಡ್ವರ್ಸ್ ಎಫೆಕ್ಟ್ ಹೇಳ್ತೀವಿ, ಬೆಲ್ಲು ಹೊಡೆಯೋ ಹೊತ್ತಿಗೆ ಯೂಸಸ್ ಅಂತ ಒಂದು ಸ್ಲೈಡಲ್ಲಿ ಪೇಷಂಟ್ ಬರ್ತಾನೆ. ಅದನ್ನ ತಲೆಕೆಳಗು ಮಾಡಿ ಮೇಡಂ.

ಕೋಲಿನರ್ಜಿಕ್ ಡ್ರಗ್ಸ್ ಪಾಠವನ್ನೇ ತಗೊಳ್ಳಿ. ಸ್ಲೈಡ್ ಒಂದರಲ್ಲೇ ಎರಡು ಕೇಸು. ಹೊಲದಲ್ಲಿ ಹಾವು ಕಚ್ಚಿ ಬಂದ ರೈತ, ಕಚ್ಚಿದ ಜಾಗ ಊದಿದೆ, ರೆಪ್ಪೆ ಜೋತು ಬಿದ್ದಿದೆ. ಇನ್ನೊಬ್ರು ನೆಲದ ಮೇಲೆ ಮಲಗಿದ್ದವರು, ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ರು, ಕಚ್ಚಿದ ಗುರುತೇ ಕಾಣಲ್ಲ, ಆಮೇಲೆ ರೆಪ್ಪೆ ಬಿತ್ತು. ಇಬ್ರಿಗೂ ಎಎಸ್‌ವಿ (ಹಾವಿನ ವಿಷಕ್ಕೆ ಕೊಡೋ ಮದ್ದು) ಹೋಗ್ತಿದೆ. ನಾಗರಹಾವು ಕಚ್ಚಿದವರಿಗೆ ಅಟ್ರೊಪಿನ್ ಜೊತೆ ನಿಯೋಸ್ಟಿಗ್ಮಿನ್ ಕೊಟ್ರೆ ರೆಪ್ಪೆ ಏಳೋ ಸಾಧ್ಯತೆ ಚೆನ್ನಾಗಿದೆ, ಕಟ್ಟುಹಾವಿನ ಕಡಿತದಲ್ಲಿ ಸಾಮಾನ್ಯವಾಗಿ ಅಂಥ ಉಪಯೋಗ ಆಗಲ್ಲ. ಯಾಕೆ? ಇಷ್ಟು ಹೇಳಿ ಸುಮ್ನೆ ನಿಂತ್ಕೊಳ್ಳಿ. ಫಸ್ಟ್ ಇಯರಲ್ಲಿ ಓದಿದ ನ್ಯೂರೋಮಸ್ಕ್ಯುಲರ್ ಜಂಕ್ಷನ್ (ನರ, ಸ್ನಾಯು ಸೇರೋ ಜಾಗ) ನೆನಪು ಮಾಡ್ಕೊಂಡು ಯಾರೋ ಒಬ್ರು, ನಾಗರಹಾವಿನ ವಿಷ ರಿಸೆಪ್ಟರ್ ಹತ್ರ ಕೂರುತ್ತೆ, ನಿಯೋಸ್ಟಿಗ್ಮಿನ್ ಕೊಟ್ಟು ಅಸೆಟೈಲ್‌ಕೋಲಿನ್ (ನರದ ಸಂದೇಶ ಸ್ನಾಯುವಿಗೆ ಒಯ್ಯೋ ರಾಸಾಯನಿಕ) ಜಾಸ್ತಿ ಮಾಡಿದ್ರೆ ಪೈಪೋಟಿ ಕೊಡಬಹುದು, ಕಟ್ಟುಹಾವಿನದು ನರದ ತುದಿಯನ್ನೇ ಹಾಳು ಮಾಡುತ್ತೆ, ಅಲ್ಲಿಂದ ಬಿಡುಗಡೆ ಆಗೋದೇ ಇಲ್ಲ ಅಂತ ತಲುಪ್ತಾರೆ. ಒಬ್ರಲ್ಲ ಒಬ್ರು ತಲುಪೇ ತಲುಪ್ತಾರೆ, ನಾನು ನೋಡಿದೀನಿ. ಇದು ನಮ್ಮ ಊರಿನ ಕಾಯಿಲೆ, 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ನೋಟಿಫೈಯಬಲ್ ಮಾಡಿದೆ, ಅಂದ್ರೆ ಈ ಮಕ್ಕಳು ನಾಳೆ ಪಿಎಚ್‌ಸಿಗೆ ಹೋದ್ರೆ ಟ್ರೀಟೂ ಮಾಡ್ಬೇಕು, ರಿಪೋರ್ಟೂ ಮಾಡ್ಬೇಕು. ಆ್ಯಪಲ್ಲಿ ಇದನ್ನ ಉತ್ತರದ ಸಮೇತ ಹೇಳ್ಬಿಡ್ತಾರೆ, ನಿಮ್ಮ ಕ್ಲಾಸಲ್ಲಿ ಅವ್ರೇ ಹುಡುಕ್ತಾರೆ.

ಟೀಚರ್ಸ್ ಇಲ್ಲ ಅಂದ್ರಲ್ಲ, ಅದಕ್ಕೆ ಹಾರ್ವರ್ಡಲ್ಲಿ ಫಿಸಿಕ್ಸ್ ಪಾಠ ಮಾಡ್ತಿದ್ದ ಎರಿಕ್ ಮಜೂರ್ ಅನ್ನೋ ಪ್ರೊಫೆಸರ್ 1991ರಲ್ಲಿ ಶುರು ಮಾಡಿದ ಒಂದು ಪದ್ಧತಿ ನೋಡಿ. ಪ್ರಶ್ನೆ ಕೊಡಿ, ಪ್ರತಿಯೊಬ್ರೂ ಒಂಟಿಯಾಗಿ ಉತ್ತರ ಆರಿಸ್ಲಿ, ಆಮೇಲೆ ಪಕ್ಕದಲ್ಲಿ ಕೂತವರ ಜೊತೆ ಎರಡು ಮೂರು ನಿಮಿಷ ವಾದ ಮಾಡ್ಲಿ, ಮತ್ತೆ ಉತ್ತರ ಆರಿಸ್ಲಿ. ಕೈಯೆತ್ತಿಸಿದ್ರೂ ಆಯ್ತು, ಬಣ್ಣದ ಚೀಟಿ ಆದ್ರೂ ಆಯ್ತು. 150 ಜನಕ್ಕೆ ಒಬ್ರೇ ಟೀಚರ್ ಸಾಕು. ಪ್ರಶ್ನೆ ಮಾತ್ರ ಒಳ್ಳೇದಿರ್ಬೇಕು, ಪುಟ ನೋಡಿ ಹೇಳೋ ಪ್ರಶ್ನೆ ಕೊಟ್ರೆ ವಾದಾನೇ ಹುಟ್ಟಲ್ಲ.

ವಾರ್ಡಲ್ಲಿ ಪಾಠ ಮಾಡೋರು ಯಾರಾದ್ರೂ ಓದ್ತಿದ್ರೆ, 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್‌ನವರು ಬರೆದ ಒನ್ ಮಿನಿಟ್ ಪ್ರಿಸೆಪ್ಟರ್ ಅಂತಿದೆ, ಐದೇ ನಿಮಿಷದ ಕೆಲಸ. ಕೇಸ್ ಹೇಳಿದ ಹುಡುಗಂಗೆ ಮೊದ್ಲು "ನಿಂಗೇನು ಅನ್ಸುತ್ತೆ" ಅಂತ ಕೇಳಿ ಅವನ ಬಾಯಿಂದಲೇ ಒಂದು ನಿರ್ಧಾರ ಹೊರಡಿಸಿ, ಯಾಕೆ ಅಂತ ಕೇಳಿ, ಒಂದೇ ಒಂದು ಸಾಮಾನ್ಯ ನಿಯಮ ಕಲಿಸಿ, ಸರಿ ಮಾಡಿದ್ದನ್ನ ಹೆಸರಿಟ್ಟು ಹೇಳಿ, ತಪ್ಪಿದ್ದನ್ನ ತಿದ್ದಿ. ನಮ್ಮಲ್ಲಿ ಬಹಳ ಜನ ನೇರ ಕೊನೇದಕ್ಕೇ ಹಾರ್ತೀವಿ, ಇಂಟರ್ನ್ ಹೇಳಿದ ವೈವಾ ಗೋಳು ಅಲ್ಲಿಂದಲೇ ಹುಟ್ಟೋದು.

ರಾಯಚೂರು ಪೀಜಿ

ಎಲ್ರೂ ಹೇಳಿದ್ದು ಸರಿ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಸರ್ಕಾರಿ ಶಾಲೆ. ಮೇಡಂ, ನಿಮ್ಮ ಹಿಂದಿನ ಸಾಲಲ್ಲಿ ನನ್ನಂಥೋರೂ ಇರ್ತಾರೆ, ಅವ್ರು ಸುಮ್ನಿರೋದು ಆಸಕ್ತಿ ಇಲ್ದೆ ಅಲ್ಲ, ಉತ್ತರ ಗೊತ್ತಿದ್ರೂ ಇಂಗ್ಲಿಷಲ್ಲಿ ತಪ್ಪಾದ್ರೆ ಅಂತ ಬಾಯಿ ಬಿಡಲ್ಲ. ಫಸ್ಟ್ ಇಯರ್ ಪೂರ್ತಿ ನಾನು ಹಾಗೇ ಕೂತಿದ್ದೆ. ಇನ್ನೊಂದ್ ಕಡೆ ಬೇರೆ ರಾಜ್ಯದಿಂದ ಬಂದವ್ರು ಕ್ಲಾಸಲ್ಲಿ ಪಟಪಟ ಅಂತ ಮಾತಾಡ್ತಾರೆ, ವಾರ್ಡಿಗೆ ಬಂದ್ರೆ ಅಜ್ಜಿ ಹತ್ರ ಹಿಸ್ಟ್ರಿ ತಗೊಳ್ಳೋಕೆ ಬರ್ದೆ ಗುಂಪಿನ ಹಿಂದೆ ನಿಲ್ತಾರೆ. ಫೌಂಡೇಶನ್ ಕೋರ್ಸಲ್ಲಿ ಸ್ಥಳೀಯ ಭಾಷೆ ಕಲಿಸ್ಬೇಕು ಅಂತ ಇದೆ, ಆದ್ರೆ ಆ ಕೆಲವು ಗಂಟೆಗಳಲ್ಲಿ ಎಷ್ಟು ಬರುತ್ತೆ ಹೇಳಿ.

ಇವ್ರಿಬ್ರನ್ನ ಜೋಡಿ ಮಾಡಿ. ಫಾರ್ಮಕಾಲಜೀಲಿ ಪೇಷಂಟ್ ಜೊತೆ ಔಷಧಿ ಬಗ್ಗೆ ಮಾತಾಡೋ ಕಾಂಪಿಟೆನ್ಸಿ ಸಿಲಬಸ್ಸಲ್ಲೇ ಇದೆಯಲ್ವಾ. ಇನ್‌ಹೇಲರ್ ಹೆಂಗೆ ಎಳ್ಕೊಳ್ಳೋದು, ಇನ್ಸುಲಿನ್ ಎಲ್ಲಿಡೋದು ಮನೇಲಿ ಫ್ರಿಜ್ ಇಲ್ದಿದ್ರೆ, ಟಿಬಿ ಮಾತ್ರೆ ತಗೊಂಡ್ಮೇಲೆ ಮೂತ್ರ ಕೆಂಪಾದ್ರೆ ಹೆದರ್ಬೇಡಿ ಅಂತ ಹೇಳೋದು, ಇದನ್ನೆಲ್ಲ ಕನ್ನಡದಲ್ಲಿ ಮಾಡಿಸಿ. ಇಡೀ ವರ್ಷ ಬಾಯಿ ಬಿಡದವ್ರು ಅವತ್ತು ಟೀಚರ್ ಆಗ್ತಾರೆ. ನಮಗೆ ಪಾಠ ಮಾಡಿದ ಒಬ್ಬ ಮೇಡಂ ಹೀಗೇ ಮಾಡಿದ್ರು, ಆಮೇಲೆ ನಾನು ಇಂಗ್ಲಿಷಲ್ಲೂ ಕೈಯೆತ್ತೋಕೆ ಶುರು ಮಾಡಿದೆ. ಅವ್ರಿಗೆ ಇವತ್ತೂ ಋಣಿ.

ಅನಾಟಮಿ ಬ್ಲಾಕ್

ಐಡಿಯಾ ಎಲ್ಲಾ ಚೆನ್ನಾಗಿದೆ, ಆದ್ರೆ ಒಂದು ಮಾತು ಯಾರೂ ಹೇಳ್ತಿಲ್ಲ. ಪಾಠ ಚೆನ್ನಾಗಿ ಮಾಡಿದ ಟೀಚರ್‌ಗೆ ಏನು ಸಿಗುತ್ತೆ? ಪ್ರಮೋಷನ್‌ಗೆ ಪೇಪರ್ ಪಬ್ಲಿಕೇಶನ್ ಕೇಳ್ತಾರೆ, ಸರ್ವಿಸ್ ವರ್ಷ ಕೇಳ್ತಾರೆ, ಕೋರ್ಸ್ ಸರ್ಟಿಫಿಕೇಟ್ ಕೇಳ್ತಾರೆ. ನಿಮ್ಮ ಕ್ಲಾಸಿಗೆ ಬಂದು ಕೂತು ನೋಡೋರು ಯಾರೂ ಇಲ್ಲ. ಬಯೋಮೆಟ್ರಿಕ್ಕಲ್ಲಿ ಟೀಚರ್ ಬಂದ್ರಾ ಅಂತ ಗೊತ್ತಾಗುತ್ತೆ, ಏನು ಮಾಡಿದ್ರು ಅಂತ ಗೊತ್ತಾಗಲ್ಲ. ಒಂದು ಒಳ್ಳೇ ಕೇಸ್ ಪ್ರಶ್ನೆ ಮಾಡೋಕೆ ಒಂದು ಸಂಜೆ ಬೇಕು, ಆ ಸಂಜೆ ಇನ್‌ಸ್ಪೆಕ್ಷನ್ ಫೈಲ್ ತುಂಬೋದ್ರಲ್ಲಿ ಹೋಗುತ್ತೆ. ಟೀಚರ್‌ಗೇ ಉತ್ಸಾಹ ಬತ್ತಿದ ಮೇಲೆ ಮಕ್ಕಳ ಮೋಟಿವೇಶನ್ ಬಗ್ಗೆ ಮಾತಾಡಿ ಏನು ಪ್ರಯೋಜನ.

ನಮ್ಮ ಡಿಪಾರ್ಟ್‌ಮೆಂಟಲ್ಲಿ ನಾವಾಗೇ ಮಾಡ್ಕೊಂಡಿದ್ದು ಅಂದ್ರೆ, ಒಬ್ರ ಕ್ಲಾಸಲ್ಲಿ ಇನ್ನೊಬ್ರು ಹೋಗಿ ಹಿಂದಿನ ಬೆಂಚಲ್ಲಿ ಕೂರೋದು. ರಿಪೋರ್ಟ್ ಇಲ್ಲ, ಮಾರ್ಕ್ಸ್ ಇಲ್ಲ, ಟೀ ಕುಡೀವಾಗ ಎರಡು ಮಾತು ಅಷ್ಟೇ. ಹಿಂದಿಂದ ನೋಡಿದ್ರೆ ಸ್ಲೈಡಿನ ಅಕ್ಷರ ಕಾಣಲ್ಲ, ಮೈಕ್ ಸದ್ದು ಕೇಳಲ್ಲ, ಇದೂ ಒಂದು ಕಾರಣ ಅಂತ ಆಗ್ಲೇ ಗೊತ್ತಾಗಿದ್ದು. ಮೊದ್ಲು ಅದನ್ನ ಸರಿ ಮಾಡಿ ಮೇಡಂ, ದುಡ್ಡು ಬೇಡ, ಪರ್ಮಿಷನ್ ಬೇಡ.

ಸೆಕೆಂಡ್ ಇಯರ್ ಹುಡುಗಿ

ಮ್ಯಾಮ್ ನಾನು ಈಗ ಸೆಕೆಂಡ್ ಇಯರಲ್ಲೇ ಇದೀನಿ. ನಂಗೆ ಬೇಜಾರಾಗೋದು ಟೆಸ್ಟ್ ಬಗ್ಗೆ. ಟೆಸ್ಟ್ ಕೊಡ್ತಾರೆ, ಪೇಪರ್ ವಾಪಸ್ ಬರೋ ಹೊತ್ತಿಗೆ ಏನು ಬರೆದಿದ್ದೆ ಅನ್ನೋದೇ ಮರೆತಿರುತ್ತೆ, ಮೇಲೆ ಒಂದು ನಂಬರ್ ಮಾತ್ರ ಇರುತ್ತೆ. ಇಂಟರ್ನಲ್ ಮಾರ್ಕ್ಸ್ ಯೂನಿವರ್ಸಿಟಿ ಟೋಟಲ್‌ಗೆ ಸೇರೋದೂ ಇಲ್ಲ, ಎಕ್ಸಾಮಿಗೆ ಕೂರೋಕೆ ಅರ್ಹತೆ ಅಷ್ಟೇ, ಹಾಗಿದ್ಮೇಲೆ ಅದನ್ನ ಕಲಿಯೋಕಾದ್ರೂ ಉಪಯೋಗಿಸ್ಬಹುದಲ್ವಾ. ಚಿಕ್ಕ ಟೆಸ್ಟ್ ಕೊಡಿ, ಮಾರ್ಕ್ಸ್ ಬೇಡ, ಅವತ್ತೇ ಉತ್ತರ ಡಿಸ್ಕಸ್ ಮಾಡಿ. ಮತ್ತೆ ಮತ್ತೆ ಓದೋದಕ್ಕಿಂತ ನೆನಪು ಮಾಡ್ಕೊಂಡು ಬರೆದ್ರೆ ಜಾಸ್ತಿ ದಿನ ಉಳಿಯುತ್ತೆ ಅಂತ ರೋಡಿಗರ್, ಕಾರ್ಪಿಕೆ ಅನ್ನೋರು 2006ರಲ್ಲೇ ಪ್ರಯೋಗ ಮಾಡಿ ತೋರಿಸಿದಾರೆ.

ಇನ್ನೊಂದು, ಹಳ್ಳಿ ಮನೆಗಳನ್ನ ನಮಗೆ ಹಂಚಿ ಅವ್ರ ಆರೋಗ್ಯ ವಿಚಾರಿಸೋಕೆ ಕಳಿಸೋ ಫ್ಯಾಮಿಲಿ ಅಡಾಪ್ಷನ್‌ಗೆ ಹೋಗ್ತೀವಲ್ಲ, ನಂಗೆ ಸಿಕ್ಕ ಮನೇಲಿ ತಾತಂಗೆ ಬಿಪಿ ಇದೆ, ಮಾತ್ರೆ ಬಿಟ್ಟಿದ್ರು. ಯಾಕೆ ಬಿಟ್ರಿ ಅಂದ್ರೆ ಕಾಲು ಊದುತ್ತೆ ಅಂದ್ರು. ಅಮ್ಲೋಡಿಪಿನ್! ಬುಕ್ಕಲ್ಲಿ ಆ ಮಾತ್ರೆಯ ಅಡ್ಡಪರಿಣಾಮ ಅಂತಿರೋ ಪೆಡಲ್ ಎಡಿಮಾ (ಪಾದದ ಊತ) ಅನ್ನೋ ಎರಡು ಪದ ಅಲ್ಲಿ ಕೂತಿತ್ತು. ಓಡಿ ಬಂದು ಓದಿದೆ. ಆ ಮನೆಗಳ ಮಾತ್ರೆ ಚೀಟಿ ತಂದು ಫಾರ್ಮಾ ಕ್ಲಾಸಲ್ಲಿ ಡಿಸ್ಕಸ್ ಮಾಡೋಕೆ ಬಿಡಿ ಮ್ಯಾಮ್ ಪ್ಲೀಸ್, ಕಮ್ಯುನಿಟಿ ಮೆಡಿಸಿನ್‌ಗೆ ಮಾತ್ರ ಯಾಕೆ.

ಫಾರ್ಮಾ ಮೇಡಂ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಮಾತ್ರೆ ಚೀಟಿ ವಿಷಯ ನಂಗೆ ಹೊಳೆದೇ ಇರ್ಲಿಲ್ಲಮ್ಮ, ಈ ವಾರವೇ ಕಮ್ಯುನಿಟಿ ಮೆಡಿಸಿನ್‌ನವರ ಜೊತೆ ಮಾತಾಡ್ತೀನಿ. ಅನಾಟಮಿ ಸರ್, ಟೀಚರ್‌ಗಳ ಬಗ್ಗೆ ನೀವು ಹೇಳಿದ್ದು ನಿಜ, ಅದನ್ನ ಸರಿ ಮಾಡೋದು ನನ್ನ ಕೈಲಿಲ್ಲ, ಹಿಂದಿನ ಬೆಂಚಲ್ಲಿ ಕೂತು ನೋಡೋದು ಕೈಲಿದೆ. ಈ ಔಷಧಿಗಳಿರೋ ಆಟೊನೊಮಿಕ್ ಯೂನಿಟ್ ಮುಂದಿನ ತಿಂಗಳು ಬರುತ್ತೆ, ಹಾವು ಮತ್ತೆ ಎಣ್ಣೆ ಕೇಸಿಂದಲೇ ಶುರು ಮಾಡ್ತೀನಿ.

ಮೆಡಿಸಿನ್ ಸರ್, ಒಂದು ಪ್ರಶ್ನೆ. ಸೆಕೆಂಡ್ ಇಯರ್ ಮಕ್ಕಳನ್ನ ಐದೈದು ಜನದ ಹಾಗೆ ಕ್ಯಾಶುವಾಲ್ಟಿಗೆ ಕಳಿಸಿದ್ರೆ ನಿಮ್ಮ ಕಡೆ ತೊಂದ್ರೆ ಆಗುತ್ತಾ? ನಮ್ಮಲ್ಲಿ ಕೇಳಿದ್ರೆ ಜನಜಂಗುಳಿ ಆಗುತ್ತೆ ಅಂತ ಬೇಡ ಅಂತಾರೆ.

ಹಳೇ ಮೆಡಿಸಿನ್ ಮೇಷ್ಟ್ರು

ಐದು ಜಾಸ್ತಿ, ಇಬ್ರನ್ನ ಕಳಿಸಿ. ಸುಮ್ನೆ ನೋಡೋಕೆ ಅಂತ ಕಳಿಸ್ಬೇಡಿ, ಅಟ್ರೊಪಿನ್ ಚಾರ್ಟ್ ಬರೆಯೋ ಕೆಲಸ ಕೊಡಿ, ಡ್ಯೂಟಿ ಪೀಜಿಗೆ ಮೊದ್ಲೇ ಹೇಳಿಟ್ಟಿರಿ, ಅವ್ರಿಗೆ ಒಂದು ಕೈ ಸಹಾಯ ಆಗುತ್ತೆ ಅಂದ್ರೆ ಯಾರೂ ಬೇಡ ಅನ್ನಲ್ಲ. ವಿಷ ಕುಡಿದು ಬಂದವರ ಮನೆಯವ್ರು ಹೊರಗೆ ಅಳ್ತಾ ನಿಂತಿರ್ತಾರೆ, ಅಲ್ಲಿ ಹೇಗಿರ್ಬೇಕು, ಏನು ಕೇಳ್ಬಾರ್ದು ಅಂತ ಕಳಿಸೋ ಮುಂಚೆ ನೀವೇ ಕೂರಿಸಿ ಹೇಳಿ. ವಾಪಸ್ ಬಂದ ಇಬ್ರೂ ಮಾರನೇ ದಿನ ಕ್ಲಾಸಲ್ಲಿ ಹತ್ತು ನಿಮಿಷ ಕೇಸ್ ಹೇಳ್ಲಿ. ಪೇಷಂಟ್ ಹೆಸರು, ಊರು, ಐಪಿ (ಅಡ್ಮಿಷನ್) ನಂಬರ್ ಯಾವುದೂ ಸ್ಲೈಡಲ್ಲಿ ಬರಬಾರ್ದು, ಫೋಟೋ ಅಂತೂ ಬೇಡ್ವೇ ಬೇಡ.